ರಾತ್ರಿ ನೀರು ಕಟ್ಟುವವರ ಪಾದಗಳ ಬಗ್ಗೆ

ಮಾನ್ಯರೇ,

ಚಳಿ ಶುರುವಾದರೆ ಎಲ್ಲರೂ ಮಫ್ಲರ್ ಹುಡುಕುತ್ತಾರೆ, ಪಾದದ ಯೋಚನೆ ಯಾರಿಗೂ ಬರುವುದಿಲ್ಲ. ಧನುರ್ಮಾಸದ ಚಳಿಯಲ್ಲೂ ಮಂಡ್ಯ ಸೀಮೆಯ ಎಷ್ಟೋ ರೈತರು ಪಂಪ್‌ಸೆಟ್ ಓಡಿಸುವ ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ, ನಡುರಾತ್ರಿಯಾದರೂ ಸರಿ, ಗದ್ದೆಗೆ ನೀರು ಕಟ್ಟಲೇಬೇಕು. ಬರಿಗಾಲಲ್ಲಿ ಗಂಟೆಗಟ್ಟಲೆ ಕೆಸರಲ್ಲಿ ನಿಂತರೆ ಪಾದ ಬಿಳಿಚಿ, ಸುಕ್ಕುಗಟ್ಟಿ, ಜೋಮು ಹಿಡಿಯುತ್ತದೆ. ಇದಕ್ಕೆ ಹಿಮ ಬೀಳಬೇಕೆಂದೇನಿಲ್ಲ, 10–15 ಡಿಗ್ರಿ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ. ಶಾಖ ಉಳಿಸಿಕೊಳ್ಳಲು ದೇಹ ಪಾದದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಹಳ ಹೊತ್ತು ಹೀಗೇ ಆದರೆ ನರಗಳು ಸೊರಗುತ್ತವೆ.

ಮೊಣಕಾಲುದ್ದದ ಗಮ್‌ಬೂಟು ಹಾಕಿಕೊಳ್ಳಿ. ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು ಸಡಿಲ ಇರಲಿ, ಬಿಗಿಯಾದರೆ ರಕ್ತ ಓಡಾಡುವುದಿಲ್ಲ. ಬೂಟಿನೊಳಗೆ ಬೆವರಿದರೂ ಕಾಲು ಒದ್ದೆಯೇ. ಹಾಗಾಗಿ ಇನ್ನೊಂದು ಜೊತೆ ಒಣ ಕಾಲುಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಯ್ಯಬೇಕು, ನಡುವೆ ಒಮ್ಮೆ ಬದಲಿಸಬೇಕು. ಬಿರುಕುಬಿಟ್ಟ ಹಿಮ್ಮಡಿಯ ಮೂಲಕ ಇಲಿಜ್ವರದ ರೋಗಾಣು ಒಳಹೋಗುವುದನ್ನೂ ಬೂಟು ತಡೆಯುತ್ತದೆ. ಮೈಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯಲು ಮಳೆಕೋಟು. ನೆನೆದ ಹತ್ತಿ ಅಂಗಿಯನ್ನು ಮೈಮೇಲೇ ಒಣಗಲು ಬಿಡಬೇಡಿ.

ಹೆಚ್ಚಿನ ಅನಾಹುತ ಆಗುವುದು ಆಮೇಲೆ. ಜೋಮು ಹಿಡಿದ ಕಾಲನ್ನು ನೇರ ಬೆಂಕಿಗೆ ಚಾಚಿದರೆ ಚರ್ಮ ಸುಡುವುದು ತಿಳಿಯುವುದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಂತೂ ಬೊಬ್ಬೆ ಎದ್ದ ಮೇಲೆ ನೋಡುತ್ತಾರೆ. ಬಿಸಿನೀರು ಸುರಿಯುವುದೂ, ಜೋರಾಗಿ ಉಜ್ಜುವುದೂ ಬೇಡ. ಒಣಬಟ್ಟೆಯಿಂದ ಬೆರಳ ಸಂದಿಯವರೆಗೂ ಒತ್ತಿ ಒರೆಸಿ, ಕಂಬಳಿ ಹೊದಿಸಿ, ಕಾಲನ್ನು ಸ್ವಲ್ಪ ಎತ್ತರದಲ್ಲಿ ಇಟ್ಟು ಮಲಗಿಸಿ. ಮೈ ಬಿಸಿಯಾಗಲೆಂದು ಹೆಂಡ ಕುಡಿಯುವುದು ತಪ್ಪು. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖವೂ ಹೊರಗೆ ಹೋಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದರೆ ವಿಷಾನಿಲದಿಂದ ಜೀವವೇ ಹೋಗಬಹುದು.

ಬೆಚ್ಚಗಾದ ಮೇಲೂ ಸ್ಪರ್ಶ ಮರಳದಿದ್ದರೆ, ಪಾದ ನೀಲಿಗಟ್ಟಿದರೆ, ಬೊಬ್ಬೆ ಎದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬರೀ ಹಿಮ್ಮಡಿ ಒಡೆದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒರೆಸಿ, ವ್ಯಾಸಲೀನ್ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಸಾಕು.

ಇಷ್ಟೆಲ್ಲ ಎಚ್ಚರ ರೈತರ ಮೇಲೆಯೇ ಬೀಳಬಾರದು. ಡಿಸೆಂಬರ್, ಜನವರಿ ಎರಡು ತಿಂಗಳಾದರೂ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತಿನಲ್ಲೇ ಕರೆಂಟು ಕೊಡಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇವೆ.

– ಗ್ರಾಮೀಣ ಆರೋಗ್ಯ ಕಾರ್ಯಕರ್ತರು, ಮಂಡ್ಯ