ತೂತಿನ ಬಾಯಿ, ಬೆಂಚಿನ ಅಂಚು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಮರಗೆಲಸದ ಬೆಂಚು ಚೆನ್ನಾಗಿ ಬಂದಿದೆ. ಹಲಗೆ ಕೂಡಿಸಿದ ಕಡೆ ಸಂದು ಎಲ್ಲಾದರೂ ಇದೆಯಾ ಅಂತ ಹುಡುಕಿದೆ, ಸಿಗಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನು. ಗೂಟ ಸಿಕ್ಕಿಸುವ ತೂತುಗಳೂ ನೇರ ಸಾಲಿನಲ್ಲಿವೆ. ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ ಅವುಗಳ ಬಾಯಿ ಡ್ರಿಲ್ ಬಿಟ್ಟ ಹಾಗೇ ಇದೆ. "ಇನ್ನು ಎಣ್ಣೆ ಹಚ್ಚಿದರೆ ಮುಗೀತು" ಅಂತ ಬರೆದಿದ್ದೀಯ. ಎಣ್ಣೆ ಡಬ್ಬಿ ಸದ್ಯಕ್ಕೆ ಮುಚ್ಚಿಡು. ಇನ್ನೂ ಒಂದು ಮಧ್ಯಾಹ್ನದ ಕೆಲಸ ಬಾಕಿ ಇದೆ: ತೂತಿನ ಬಾಯಿ, ಬೆಂಚಿನ ಅಂಚು ಎರಡರ ಚೂಪನ್ನೂ ಇಳಿಜಾರು ಮಾಡೋದು.

ನನ್ನ ಮೊದಲ ಬೆಂಚಿನಲ್ಲಿ ನಾನೂ ಹೀಗೇ ಬಿಟ್ಟಿದ್ದೆ. ಅಂಚು ಚೂಪಾಗಿದ್ದರೆ ನೋಡೋದಕ್ಕೆ ಲಕ್ಷಣ ಅನ್ನಿಸಿತ್ತು. ಒಂದು ದಿನ ಬಿಗಿಯಾಗಿ ಕೂತಿದ್ದ ಗೂಟವನ್ನು ಅತ್ತಿತ್ತ ಅಲ್ಲಾಡಿಸಿ ಮೇಲಕ್ಕೆ ಎಳೆದೆ. (ಕೀಸುವ ಮರ ಜಾರದಂತೆ ತಡೆಯೋದು ಅದೇ. ಅದಕ್ಕೆ ಬೆಂಚ್ ಡಾಗ್ ಅಂತಾರೆ, ನನಗೆ ಗೂಟ ಅನ್ನೋದೇ ರೂಢಿ.) ಗೂಟದ ಜೊತೆಗೇ ತೂತಿನ ಬಾಯಿಯಿಂದ ಒಂದು ಬೆರಳುದ್ದದ ಸಿಬಿರು ಎದ್ದು ಬಂತು. ಅದು ಎದ್ದಿದ್ದು ನಾರಿನ ಗುಂಟ, ಹಾಗಾಗಿ ಮೇಲ್ಮೈಯಲ್ಲಿ ಒಂದು ಗೀರುಗುಂಡಿಯೇ ಆಯಿತು. ಉಳಿದ ತುದಿ ಮಾರನೇ ದಿನ ಹಲಗೆ ಒರೆಸುವಾಗ ನನ್ನ ಉಗುರಿನ ಸಂದಿಗೆ ಹೋಯಿತು. ಆ ಉರಿ ಇನ್ನೂ ನೆನಪಿದೆ. ಚೂಪು ಅಂಚಿನ ನಾರಿಗೆ ಹಿಂದೆ ಆಸರೆ ಇರುವುದಿಲ್ಲ, ಏನು ತಗುಲಿದರೂ ಅದೇ ಮೊದಲು ಏಳೋದು. ಆ ನಾರನ್ನು ನಾವೇ ಇಳಿಜಾರಾಗಿ ತೆಗೆದುಬಿಟ್ಟರೆ ಏಳೋದಕ್ಕೆ ಏನೂ ಉಳಿಯಲ್ಲ. ಗೂಟವೂ ಕಣ್ಣು ಮುಚ್ಚಿ ಇಟ್ಟರೂ ತೂತಿಗೆ ತಾನಾಗಿ ಜಾರುತ್ತದೆ.

ನಿನ್ನ ಹತ್ತಿರ ರೌಟರ್ ಇದೆ, ಅದೇ, ತಿರುಗುವ ಬಿಟ್ಟಿನಿಂದ ಮರ ಕೆತ್ತುವ ಯಂತ್ರ. ಈ ಇಳಿಜಾರಿಗೇ ಚಾಂಫರ್ ಅನ್ನೋದು. ಬೇಕಾಗಿರೋದು ಕೆಳಗೆ ಬೇರಿಂಗ್ (ಗೋಡೆಗೆ ತಾಗಿ ಉರುಳುವ ಸಣ್ಣ ಚಕ್ರ) ಇರುವ 45 ಡಿಗ್ರಿ ಚಾಂಫರ್ ಬಿಟ್. ಕೊಳ್ಳುವ ಮುಂಚೆ ಬೇರಿಂಗಿನ ಅಳತೆ ನೋಡು, ಬಿಟ್ಟಿನ ಅಗಲ ಆಮೇಲೆ. ನಿನ್ನ ತೂತು 19 ಮಿ.ಮೀ. ಬೇರಿಂಗ್ 12.7 ಮಿ.ಮೀ. ಇದ್ದರೆ ಸಲೀಸಾಗಿ ಇಳಿಯುತ್ತದೆ. ದೊಡ್ಡ ಬೇರಿಂಗಿನ ಬಿಟ್ಟುಗಳೂ ಬರುತ್ತವೆ, ಅವು ತೂತಿನ ಬಾಯಲ್ಲೇ ನಿಂತುಬಿಡುತ್ತವೆ.

ಇಲ್ಲೊಂದು ಚಂದದ ಲೆಕ್ಕ ಇದೆ. 2 ಮಿ.ಮೀ. ಚಾಂಫರಿಗೆ ಬಿಟ್ ಇಳಿಸಿದರೆ, ಹಲಗೆಯ ಮಟ್ಟದಲ್ಲಿ ಬಿಟ್ಟಿನ ಅಗಲ ಸುಮಾರು 12.7ಕ್ಕೆ ಎರಡು ಪಕ್ಕದ ಎರಡೆರಡು, ಒಟ್ಟು 4 ಕೂಡಿಸಿದಷ್ಟು, ಅಂದರೆ 16.7. ತೂತು 19. ಅಂದರೆ ಬಿಟ್ಟನ್ನು ತೂತಿನ ನಡುಮಧ್ಯ ನಿಲ್ಲಿಸಿದರೆ ಅದು ಎಲ್ಲೂ ಮರಕ್ಕೆ ತಾಗುವುದಿಲ್ಲ! ಹಾಗೇ ನಿಲ್ಲಿಸಿ, ರೌಟರಿನ ತಳ ಹಲಗೆಗೆ ಒತ್ತಿ ಹಿಡಿದು, ಆಮೇಲೆ ಸ್ವಿಚ್ ಹಾಕು. ಪೂರ್ತಿ ವೇಗಕ್ಕೆ ಬಂದ ಮೇಲೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಸು. ಬೇರಿಂಗ್ ಗೋಡೆ ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಒಂದು ಸುತ್ತು ಬಾ, ಮತ್ತೆ ಮಧ್ಯಕ್ಕೆ ತಂದು ಆರಿಸು, ಬಿಟ್ ಪೂರ್ತಿ ನಿಂತ ಮೇಲೆ ಎತ್ತು. 3 ಮಿ.ಮೀ. ಇಳಿಸಿದರೆ ಈ ಜಾಗ ಹೆಚ್ಚುಕಮ್ಮಿ ಮುಗಿದೇ ಹೋಗುತ್ತದೆ, ಸ್ವಿಚ್ ಹಾಕುವಾಗಲೇ ಕಚ್ಚಬಹುದು. ತೂತಿಗೆ 2 ಸಾಕು.

ಈಗ ಮುಖ್ಯವಾದ ಮಾತು. ಈ ಕಾಗದ ಬರೆಯಲು ಕೂತಿದ್ದೇ ಇದಕ್ಕೆ. ಮೇಲಿಂದ ನೋಡಿದರೆ ರೌಟರಿನ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಿಟ್ಟಿನ ಹಲ್ಲು ಮರ ಕಚ್ಚಿದಾಗ ರೌಟರ್ ಒಂದು ಕಡೆಗೆ ತಳ್ಳಿಸಿಕೊಳ್ಳುತ್ತದೆ. ಆ ತಳ್ಳುವಿಕೆಗೆ ಎದುರಾಗಿ ಹೋದರೆ ಅದು ನಿನ್ನ ಹಿಡಿತದಲ್ಲಿರುತ್ತದೆ, ಅದರ ಜೊತೆಗೇ ಹೋದರೆ ಎಳೆದುಕೊಂಡು ಓಡುತ್ತದೆ. ಬೆಂಚಿನ ಹೊರ ಅಂಚಿಗೆ ಮುಖ ಮಾಡಿ ನಿಂತರೆ ಎಡದಿಂದ ಬಲಕ್ಕೆ ಹೋಗಬೇಕು, ಅಂದರೆ ಇಡೀ ಬೆಂಚನ್ನು ಮುಳ್ಳಿಗೆ ಎದುರಾಗಿ ಸುತ್ತಬೇಕು. ತೂತಿನ ಒಳಗೆ ಎಲ್ಲ ಉಲ್ಟಾ. ಅಲ್ಲಿ ಮುಳ್ಳು ಹೋದ ಹಾಗೇ ಸುತ್ತು.

ನಾನು ಎಡವಿದ್ದೂ ಇಲ್ಲೇ. ಹೊರಗಿನ ಅಂಚು ಮೊದಲು ಮುಗಿಸಿದ್ದೆ, ಕೈಗೆ ಆ ಸುತ್ತೇ ಅಭ್ಯಾಸ ಆಗಿತ್ತು. ಅದೇ ಗುಂಗಿನಲ್ಲಿ ತೂತಿಗೆ ಬಂದೆ. ರೌಟರ್ ತೂತಿನೊಳಗೆ ಕಟಕಟ ಅಂತ ಕುಣಿದು, ತಳ ಒಂದು ಕಡೆ ಎದ್ದು, ಚಾಂಫರ್ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಗೆರೆಯಷ್ಟು ಸಣ್ಣ. ಇವತ್ತಿಗೂ ಬೆಂಚಿಗೆ ಬಂದವರ ಕಣ್ಣು ಮೊದಲು ಆ ತೂತಿಗೇ ಹೋಗುತ್ತದೆ. ನೀನು ಎರಡನ್ನೂ ಒಟ್ಟಿಗೆ ಮಾಡಬೇಡ. ತೂತುಗಳನ್ನೆಲ್ಲ ಮೊದಲು ಮುಗಿಸು, ಟೀ ಕುಡಿ, ಆಮೇಲೆ ಅಂಚಿಗೆ ಬಾ. ಹಲಗೆ ಮೇಲೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿಕೊಂಡರೂ ನಾಚಿಕೆ ಏನಿಲ್ಲ, ನಾನು ಈಗಲೂ ಹಾಕುತ್ತೇನೆ.

ಇನ್ನೊಂದು. ಬೇರಿಂಗ್ ಓಡಾಡೋದು ತೂತಿನ ಗೋಡೆ ಮೇಲೆ, ಚಾಂಫರಿಗಿಂತ ಸ್ವಲ್ಪ ಕೆಳಗೆ. ಅಲ್ಲಿ ಗುಂಡಿ ಇದ್ದರೆ ಅದನ್ನೇ ಮೇಲೆ ನಕಲು ಮಾಡುತ್ತದೆ. ಹಾಗಾಗಿ ಒಂದು ದುಂಡು ಕಡ್ಡಿಗೆ ಮರಳು ಕಾಗದ ಸುತ್ತಿ ಗೋಡೆಯನ್ನು ಮೊದಲು ಉಜ್ಜು, ಒಳಗಿನ ಹೊಟ್ಟು ಊದಿ ತೆಗೆ. ಸುತ್ತುವಾಗ ಎಲ್ಲೂ ನಿಲ್ಲಬೇಡ, ನಿಂತ ಕಡೆ ಮರ ಸುಟ್ಟು ಕಪ್ಪಾಗುತ್ತದೆ. ನಾರಿನ ತುದಿ ಎದುರಾಗುವ ಎರಡು ಕಡೆ ಜಾಸ್ತಿ. ಕಪ್ಪು ಗೆರೆ ಚಾಂಫರಿನಲ್ಲಲ್ಲ, ಅದರ ಕೆಳಗೆ ಗೋಡೆಯಲ್ಲಿ ಬಂದರೆ ತಪ್ಪು ನಿನ್ನದಲ್ಲ. ಬೇರಿಂಗ್ ಅಂಟು ಹಿಡಿದು ಬಿಟ್ಟಿನ ಜೊತೆಗೇ ತಿರುಗುತ್ತಿದೆ ಅಂತ ಅರ್ಥ. ಪ್ಲಗ್ ತೆಗೆದು, ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡು.

ಡ್ರಿಲ್ಲಿಗೆ ಬಾಯಿ ಅಗಲಿಸುವ ಶಂಕುವಿನಾಕಾರದ ಬಿಟ್, ಅಂದರೆ ಕೌಂಟರ್‌ಸಿಂಕ್ ಹಾಕಿ ಮಾಡಿದರೂ ಆಗಲ್ವಾ ಅಂತ ಕೇಳುತ್ತೀಯ, ಗೊತ್ತು. ಆಗುತ್ತದೆ. ಆದರೆ ಕೈ ಸ್ವಲ್ಪ ನಡುಗಿದರೂ ಅಂಚು ಹಲ್ಲುಹಲ್ಲಾಗುತ್ತದೆ. ಎರಡು ತೂತಾದರೆ ಸರಿ, ನಿನ್ನದು ಇಪ್ಪತ್ತಕ್ಕೂ ಜಾಸ್ತಿ ಇವೆ.

ಹೊರ ಅಂಚಿನಲ್ಲಿ ಮೊದಲು ಅಡ್ಡ ತುದಿಗಳು, ಆಮೇಲೆ ಉದ್ದದ ಬದಿಗಳು. ಅಡ್ಡ ತುದಿಯ ಕೊನೆಯಲ್ಲಿ ಮೂಲೆ ಚೂರು ಕಿತ್ತೇ ಕೀಳುತ್ತದೆ, ಉದ್ದದ ಸುತ್ತು ಬಂದಾಗ ಸಣ್ಣಪುಟ್ಟದ್ದು ಅದರಲ್ಲೇ ಹೋಗುತ್ತದೆ. ಜಾಸ್ತಿ ಭಯ ಇದ್ದರೆ ಮೂಲೆಗೆ ಒಂದು ತುಂಡು ಮರ ಒತ್ತಿ ಕ್ಲ್ಯಾಂಪ್ ಹಾಕು. ಹಿಂದಿನ ಅಂಚಿಗೆ 3 ಮಿ.ಮೀ. ಕೊಡಬಹುದು. ಮರ ಬಿಗಿದು ಹಿಡಿಯುವ ವೈಸ್ ಇರುವ ಮುಂದಿನ ಅಂಚನ್ನು ಮಾತ್ರ 1 ಅಥವಾ 2ಕ್ಕೆ ನಿಲ್ಲಿಸು. ಸಣ್ಣ ಪಟ್ಟಿಗಳನ್ನು ಅಂಚಿನವರೆಗೂ ತಂದು ಕೀಸುವುದು ಅಲ್ಲೇ. ಅಲ್ಲಿ ಇಳಿಜಾರು ದೊಡ್ಡದಾದರೆ ಪಟ್ಟಿಯ ಕೆಳಗೆ ಆಸರೆ ತಪ್ಪುತ್ತದೆ. ನಾಲ್ಕು ಮೂಲೆಗಳಲ್ಲಿ ಮೇಲಿಂದ ಕೆಳಕ್ಕೆ ನಿಂತಿರುವ ಅಂಚಿಗೆ ರೌಟರ್ ಬೇಡ, ಅದರ ತಳ ಅಲ್ಲಿ ಕೂರಲ್ಲ. ಕೀಸುಳಿಯ ಎರಡು ಎಳೆತ ಸಾಕು.

ಮೇಲ್ಮೈ ಮಟ್ಟ ಮಾಡೋದು ಬಾಕಿ ಇದ್ದರೆ ಅದು ಮೊದಲು. ಚಾಂಫರ್ ಆದ ಮೇಲೆ 1 ಮಿ.ಮೀ. ಕೀಸಿದರೆ 2ರಲ್ಲಿ ಒಂದೇ ಉಳಿಯುತ್ತದೆ.

ಉಳಿದದ್ದು ನಿನಗೆ ಗೊತ್ತಿರೋದೇ. ಬಿಟ್ ಬದಲಿಸುವಾಗ ಪ್ಲಗ್ ಹೊರಗೆ. ಬಿಟ್ಟಿನ ಕಾಂಡವನ್ನು ರೌಟರಿನಲ್ಲಿ ಅದನ್ನು ಹಿಡಿಯುವ ಕೊಲೆಟ್ಟಿನ ತಳಕ್ಕೆ ತಾಗಿಸಿ, 2–3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿ ಮಾಡು. ಬಿಟ್ 25 ಮಿ.ಮೀ.ಗಿಂತ ಅಗಲ ಇದ್ದರೆ ವೇಗವನ್ನು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿಗೆ ಇಳಿಸು. ಬಿಟ್ಟಿನ ಜೊತೆ ಬಂದ ಚೀಟಿಯಲ್ಲಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಸರಿ. ಕಣ್ಣಿಗೆ, ಕಿವಿಗೆ, ಮೂಗಿಗೆ ರಕ್ಷಣೆ ಇರಲಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕು.

ಮೊದಲು ಒಂದು ತುಂಡು ಮರದಲ್ಲಿ ಮೂರು ತೂತು ಕೊರೆದು ಅಭ್ಯಾಸ ಮಾಡು. ಮೂರನೆಯದರ ಬಾಯಿಗೆ ಬೆರಳಿಟ್ಟು ಸುತ್ತ ಸವರಿ ನೋಡಿ, ಹೇಗಿದೆ ಅಂತ ನನಗೆ ಬರಿ. ಬೆಂಚಿನ ಎಡತುದಿಯ ತೂತು ಒಂದನ್ನು ಹಾಗೇ ಬಿಟ್ಟಿರು. ಮುಂದಿನ ತಿಂಗಳು ಬಂದಾಗ ಅದನ್ನು ನಾನು ಮಾಡುತ್ತೇನೆ, ನೀನು ಪಕ್ಕದಲ್ಲಿ ನಿಂತು ಸುತ್ತು ಯಾವ ಕಡೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಪ್ಪ