ಅಟ್ಟ ಖಾಲಿ ಮಾಡುವ ಮುನ್ನ

ಬಸವನಗುಡಿ, ಬೆಂಗಳೂರು

ಚಿ. ಸೌ. ಶಾಲಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚಾಮರಾಜಪೇಟೆಯ ಮನೆಯನ್ನು ತೆರವು ಮಾಡಿ ನಿಮ್ಮಮ್ಮನನ್ನು ಕನಕಪುರ ರಸ್ತೆಯ ನಿನ್ನ ಫ್ಲಾಟಿಗೆ ಕರೆದೊಯ್ಯುವ ನಿರ್ಧಾರ ಸರಿಯಾದದ್ದೇ. ಆದರೆ ಒಂದೇ ಭಾನುವಾರದಲ್ಲಿ ಗುಜರಿಯವನನ್ನು ಕರೆಸಿ ಅಟ್ಟವನ್ನು ಬರಿದು ಮಾಡುವೆನೆಂದು ನೀನು ಫೋನಿನಲ್ಲಿ ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹಿತ್ತಾಳೆ, ತಾಮ್ರಗಳನ್ನು ಜೋಪಾನವಾಗಿ ಎತ್ತಿಟ್ಟು, ಟ್ರಂಕಿನಲ್ಲಿರುವ ಹಳೆಯ ಕಾಗದಗಳನ್ನು ತೂಕಕ್ಕೆ ಹಾಕುವುದು ಎಷ್ಟೋ ಮನೆಗಳಲ್ಲಿ ನಡೆದುಬಂದ ರೂಢಿ. ನೀನು ಅದನ್ನು ತಿರುಗುಮುರುಗಾಗಿ ಮಾಡಬೇಕೆಂಬುದು ನನ್ನ ಸಲಹೆ.

ಮನೆಯ ಇ-ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ಪ್ರತಿ, ಬಂದಿದೆಯಲ್ಲ ಎಂದು ಹಳೆಯ ಖಾತೆ ಪತ್ರ, ಕಂದಾಯದ ರಸೀದಿಗಳನ್ನು ಎಸೆಯಬೇಡ. ಮನೆ ಮಾರುವಾಗಲಾಗಲಿ, ಅದರ ಮೇಲೆ ಸಾಲ ಕೇಳುವಾಗಲಾಗಲಿ, ವಕೀಲರು ಮೂಲ ಕ್ರಯಪತ್ರವನ್ನೂ ಅದರ ಹಿಂದಿನ ಪತ್ರಗಳನ್ನೂ ಕೇಳಿಯೇ ಕೇಳುತ್ತಾರೆ. ನಿಮ್ಮಪ್ಪನಿಗೆ ಷೇರು ಕೊಳ್ಳುವ ಹವ್ಯಾಸವಿತ್ತು, ಕೊಂಡದ್ದನ್ನು ಯಾರಿಗೂ ಹೇಳುವ ಅಭ್ಯಾಸವಿರಲಿಲ್ಲ. ಕಾಗದದ ಷೇರುಪತ್ರಗಳನ್ನು ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವುದು 2019ರ ಏಪ್ರಿಲ್‌ನಿಂದ ನಿಂತಿದೆಯಾದರೂ, ತೀರಿಕೊಂಡವರ ಷೇರುಗಳು ವಾರಸುದಾರರ ಹೆಸರಿಗೆ ಬರುವುದಕ್ಕೆ ದಾರಿ ಇದ್ದೇ ಇದೆ. ಸತತ 7 ವರ್ಷ ಲಾಭಾಂಶವನ್ನು ಯಾರೂ ಪಡೆಯದಿದ್ದರೆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ಅಲ್ಲಿಂದಲೂ ಅರ್ಜಿ ಹಾಕಿ ಮರಳಿ ಪಡೆಯಬಹುದು. ಹಾಗೆಯೇ 10 ವರ್ಷ ವಹಿವಾಟಿಲ್ಲದ ಬ್ಯಾಂಕ್ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿದರೂ ವಾರಸುದಾರರ ಹಕ್ಕು ಹೋಗುವುದಿಲ್ಲ, ಅಂಥ ಠೇವಣಿಗಳನ್ನು 'ಉದ್ಗಮ್' ಎಂಬ ಜಾಲತಾಣದಲ್ಲಿ ಹುಡುಕಬಹುದು. ಆದ್ದರಿಂದ ಹರಿದ ಪಾಸ್‌ಬುಕ್ಕೂ ಸದ್ಯಕ್ಕೆ ಕಸವಲ್ಲ. 2016ರಲ್ಲಿ ರದ್ದಾದ ನೋಟುಗಳ ಕಟ್ಟು ಸಿಕ್ಕರೆ ಮಾತ್ರ ನೆನಪಿಗೆಂದು ಇಟ್ಟುಕೊಳ್ಳಬೇಡ; ಅಂಥ ನೋಟುಗಳನ್ನು ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ.

ಪಾತ್ರೆಗಳ ವಿಷಯದಲ್ಲಿ ಇಷ್ಟು ಎಚ್ಚರಿಕೆ ಬೇಕಿಲ್ಲ. ನೀರೊಲೆಯೇ ಇಲ್ಲದ ಫ್ಲಾಟಿನಲ್ಲಿ ತಾಮ್ರದ ಹಂಡೆಗೆ ಕೆಲಸವಿಲ್ಲ. ಕಲಾಯಿ ಹಾಕುವವರು ಬೀದಿಗೆ ಬರುವುದೇ ಅಪರೂಪವಾಗಿದೆ, ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ, ಸಾರು ಕುದಿಸಬಾರದು. ಹಬ್ಬಕ್ಕೆ ಬೇಕಾಗುವ ಎರಡು ಕೊಳದಪ್ಪಲೆ, ದೇವರ ಮನೆಯ ದೀಪ, ಪಂಚಪಾತ್ರೆಗಳಿದ್ದರೆ ಸಾಕು. ಮಿಕ್ಕದ್ದನ್ನು ಮಾರುವ ಮೊದಲು ನಿನ್ನ ಅತ್ತೆಯರಿಗೂ ಅಕ್ಕತಂಗಿಯರಿಗೂ ಒಂದು ಮಾತು ಕೇಳು. ಕೇಳದೆ ಮಾರಿದ ಒಂದು ಚೊಂಬಿನ ಮಾತು ನಮ್ಮ ವಂಶದಲ್ಲಿ ಮುಂದಿನ ಮೂರು ಮದುವೆಗಳವರೆಗೆ ನಡೆಯುತ್ತದೆ. ಪಟ್ಟದ ಗೊಂಬೆಗಳು ಪ್ರತಿವರ್ಷ ದಸರಾಕ್ಕೆ ಕೂರಿಸುವವರ ಮನೆಗೆ ಹೋಗಲಿ. ಕೆಟ್ಟ ರೇಡಿಯೋ, ಬ್ಯಾಟರಿಗಳನ್ನು ಗುಜರಿಗೆ ಹಾಕದೆ ಇ-ತ್ಯಾಜ್ಯ ಪಡೆಯುವ ಅಧಿಕೃತ ಸಂಸ್ಥೆಗೆ ಕೊಡು.

ಇದಾವುದನ್ನೂ ನಿಮ್ಮಮ್ಮ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಮಾಡಬೇಡ. ಆಕೆ ಹಳೆಯ ಡಬ್ಬಿಯೊಂದನ್ನು ಕೊಡಲೊಲ್ಲೆ ಎಂದರೆ ವಾದಿಸದೆ ಗಾಡಿಗೆ ಹಾಕಿಸು. ಒಂದು ಡಬ್ಬಿಯಿಂದ ನಿನ್ನ ಫ್ಲಾಟೇನೂ ತುಂಬುವುದಿಲ್ಲ.

ಹಳೆಯ ಪತ್ರಗಳಲ್ಲಿ ಕೆಲವು ಮೋಡಿ ಅಕ್ಷರದಲ್ಲಿ, ಅಂದರೆ ಹಿಂದಿನವರ ಕೂಡುಬರಹದಲ್ಲಿ ಇವೆ, ನಿನಗೆ ಓದಲು ಬಾರದು. ಶನಿವಾರ ಬೆಳಿಗ್ಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಪಾತ್ರೆಗಳ ಕೆಲಸ ಮುಗಿಸು, ಟ್ರಂಕನ್ನು ಮುಟ್ಟಬೇಡ.

ಇಂತಿ,
ನಿನ್ನ ದೊಡ್ಡಪ್ಪ