ಕಪ್ ಎತ್ತದ ಕಾವಲುಗಾರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ರಾಬೆನ್, ಸ್ನೈಡರ್, ವ್ಯಾನ್ ಪರ್ಸಿ ಇದ್ದ ಹಾಲೆಂಡ್ ಫುಟ್‌ಬಾಲ್ ತಂಡದಲ್ಲಿ ನಿನಗೇಕೆ ರಕ್ಷಣಾ ಆಟಗಾರ ಯೋರಿಸ್ ಮಥೈಸನ್ ಮೇಲೆ ಅಷ್ಟು ಅಭಿಮಾನ ಎಂದು ಕೇಳಿದ್ದೀಯ. ಅವನು ಚೆಂಡು ಕಸಿಯಲು ಎದುರಾಳಿಯ ಕಾಲಿನತ್ತ ಜಾರಿ ಬೀಳುತ್ತಿರಲಿಲ್ಲ, ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ಮೆಚ್ಚಲು ನನಗೆ ಅಷ್ಟು ಸಾಕು.

2010ರ ವಿಶ್ವಕಪ್‌ನ ಬ್ರೆಜಿಲ್ ಪಂದ್ಯವನ್ನು ನೆನಪಿಸಿಕೊ. ಪೋರ್ಟ್ ಎಲಿಜಬೆತ್‌ನಲ್ಲಿ ಕ್ವಾರ್ಟರ್ ಫೈನಲ್. ಪಂದ್ಯಕ್ಕೆ ಮೈ ಬಿಸಿ ಮಾಡಿಕೊಳ್ಳುವಾಗಲೇ ಮಥೈಸನ್ ಮಂಡಿಗೆ ಪೆಟ್ಟಾಯಿತು. ಅವನ ಬದಲಿಗೆ 35 ವರ್ಷದ ಓಯರ್ ಅವಸರದಲ್ಲಿ ಇಳಿದ. ಹತ್ತನೇ ನಿಮಿಷಕ್ಕೆ ಫೆಲಿಪೆ ಮೆಲೊ ಕೊಟ್ಟ ಒಂದೇ ಒಂದು ಪಾಸ್ ರಕ್ಷಣಾ ಸಾಲಿನ ನಟ್ಟನಡುವೆ ಹಾದುಹೋಯಿತು, ರೊಬಿನ್ಯೊ ಗೋಲು ಹೊಡೆದ. ಆಮೇಲೆ ಓಯರ್ ಚೆನ್ನಾಗಿಯೇ ಆಡಿದ, ಹಾಲೆಂಡ್ 2-1ರಿಂದ ಗೆದ್ದಿತು, ಅದು ಬೇರೆ ಮಾತು. ಆದರೆ ಬಾಗಿಲಿನಂತೆ ತೆರೆದುಕೊಂಡ ಆ ನಡುಭಾಗವನ್ನು ನೋಡಿದಾಗ, ಅಲ್ಲಿ ದಿನವೂ ನಿಲ್ಲುತ್ತಿದ್ದವನು ಯಾರೆಂದು ನನಗೆ ಅರ್ಥವಾಯಿತು.

ಹಾಲೆಂಡಿನ ಟಿಲ್ಬರ್ಗ್ ಊರಿನ ವಿಲ್ಲೆಮ್ ಟ್ವೀ ಕ್ಲಬ್‌ನಲ್ಲಿ ಶುರುವಾದ ಪಯಣ ಅವನದು. ಮುಂದೆ ಎಜೆಡ್, ಹ್ಯಾಂಬರ್ಗ್, ಮಲಗಾ, ಕೊನೆಗೆ ಫೆಯೆನೂರ್ಡ್. ದೇಶಕ್ಕಾಗಿ 84 ಪಂದ್ಯ, ಮೂರೇ ಗೋಲು. ಕೋಚ್ ವ್ಯಾನ್ ಬಾಸ್ಟನ್ ಹೋಗಿ ವ್ಯಾನ್ ಮಾರ್ವೈಕ್ ಬಂದರೂ ಅವನ ಜಾಗ ಅಲುಗಾಡಲಿಲ್ಲ.

ಇಷ್ಟಾದರೂ ದೊಡ್ಡ ಕಪ್ ಒಂದೂ ಅವನ ಕೈಸೇರಲಿಲ್ಲ, ಗೆಳೆಯ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ ಅದು. 2005ರಲ್ಲಿ ಎಜೆಡ್ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ ಫೈನಲ್ ಹೊಸ್ತಿಲಲ್ಲಿತ್ತು. ಹೆಚ್ಚುವರಿ ಸಮಯವೂ ಮುಗಿದು ಶಿಳ್ಳೆ ಊದಬೇಕು ಎನ್ನುವಾಗ ಎದುರಾಳಿ ಸ್ಪೋರ್ಟಿಂಗ್‌ನ ಮಿಗೆಲ್ ಗಾರ್ಸಿಯಾ ಕಾರ್ನರ್ ಕಿಕ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಗೋಲು ಮಾಡಿದ, ಎಜೆಡ್ ಹೊರಬಿತ್ತು. 2009ರಲ್ಲಿ ಹ್ಯಾಂಬರ್ಗ್ ಪರ ಮತ್ತೆ ಸೆಮಿಫೈನಲ್, ಎದುರಾಳಿ ವೆರ್ಡರ್ ಬ್ರೆಮೆನ್. ಪ್ರೇಕ್ಷಕರು ಎಸೆದಿದ್ದ ಕಾಗದದ ಉಂಡೆಯೊಂದು ಮೈದಾನದಲ್ಲಿ ಬಿದ್ದಿತ್ತು. ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಡಲು ಹೊರಟ ಹ್ಯಾಂಬರ್ಗ್‌ನ ಗ್ರಾವ್‌ಗಾರ್ಡ್‌ನ ಚೆಂಡು ಅದಕ್ಕೆ ತಾಗಿ ಪುಟಿದು ಹೊರಗೆ ಹೋಯಿತು. ಸಿಕ್ಕ ಕಾರ್ನರ್‌ನಿಂದ ಬ್ರೆಮೆನ್‌ನ ಬೌಮನ್ ಗೋಲು! ಫೈನಲ್‌ಗೆ ಬ್ರೆಮೆನ್ ಹೋಯಿತು. ಆ ಉಂಡೆಯನ್ನು ಬ್ರೆಮೆನ್‌ನವರು ತಮ್ಮ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಮರುವರ್ಷ ಯುರೋಪಾ ಲೀಗ್ (ಯುಇಎಫ್‌ಎ ಕಪ್‌ನ ಹೊಸ ಹೆಸರು) ಫೈನಲ್ ಹ್ಯಾಂಬರ್ಗ್‌ನ ಸ್ವಂತ ಮೈದಾನದಲ್ಲೇ ಇತ್ತು. ಸೆಮಿಫೈನಲ್‌ನಲ್ಲಿ ಫುಲ್‌ಹ್ಯಾಮ್ ಎದುರು ಸೋತು ತಮ್ಮ ಅಂಗಳಕ್ಕೆ ತಾವೇ ಹೊರಗಿನವರಾದರು.

ಅದಾಗಿ ಎರಡೇ ತಿಂಗಳಿಗೆ ಜೊಹಾನ್ಸ್‌ಬರ್ಗ್. ಸ್ಪೇನ್ ಎದುರಿನ ವಿಶ್ವಕಪ್ ಫೈನಲ್‌ನಲ್ಲಿ ಅವನು ಆಡಿದ್ದ. 109ನೇ ನಿಮಿಷದಲ್ಲಿ ಜೊತೆಗಾರ ಹೈಟಿಂಗ ಕೆಂಪು ಕಾರ್ಡ್ ಕಂಡು ಹೊರನಡೆದ. 116ನೇ ನಿಮಿಷದಲ್ಲಿ ಸ್ಪೇನ್‌ನ ಇನಿಯೆಸ್ಟಾ ಗೋಲು ಹೊಡೆದ, ಕಪ್ ಸ್ಪೇನ್ ಪಾಲಾಯಿತು. ರೆಫರಿಯ ಬಳಿ ವಾದಕ್ಕಿಳಿದ ಮಥೈಸನ್‌ಗೆ ಹಳದಿ ಕಾರ್ಡ್ ಸಿಕ್ಕಿತು. ಶಾಂತ ಸ್ವಭಾವದ ಅವನು ಹಾಗೆ ಸಿಡಿದದ್ದು ನೋಡಿ ನನಗೆ ಅಳು ಬಂದಿತ್ತು.

ಬಿಡುವಾದಾಗ ಆ ಫೈನಲ್ ಅನ್ನು ಮತ್ತೊಮ್ಮೆ ನೋಡು. ಈ ಸಲ ಚೆಂಡನ್ನು ಬಿಟ್ಟು 4ನೇ ಸಂಖ್ಯೆಯ ಅಂಗಿಯನ್ನು ಹಿಂಬಾಲಿಸು. ನಿನಗೆ ಏನನ್ನಿಸಿತೆಂದು ತಪ್ಪದೆ ಬರೆ.

ನಿನ್ನ ಗೆಳೆಯ